ಹಳಿಗೆ ಹಚ್ಚಿದ ಗಂಧ

ಸ್ಪಿರಿಟ್ಟಿನ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ರೈಲು ನೆನಪಾಗುತ್ತದೆ. ಹೋದ ತಿಂಗಳು ಮಂಚೇನಹಳ್ಳಿಯ ತಂಗಿಯ ಮನೆಗೆ ಹೋಗಿದ್ದಾಗ ಜ್ವರ ಹಿಡಿದುಕೊಂಡಿತು. ಅಲ್ಲಿಯ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮೊದಲು ತೋಳಿಗೆ ಹತ್ತಿ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಕಣ್ಣು ಮುಚ್ಚಿಕೊಂಡು ನಗುತ್ತಾ ಕೂತೆ. ಜ್ವರ ತಲೆಗೇರಿದೆ ಎಂದುಕೊಂಡಳೋ ಏನೋ, ಥರ್ಮಾಮೀಟರನ್ನು ಇನ್ನೊಂದು ಸಲ ಬಾಯಿಗಿಟ್ಟಳು. ಬಾಯಲ್ಲಿ ಅದನ್ನಿಟ್ಟುಕೊಂಡು ಅವಳಿಗೆ ಏನೆಂದು ವಿವರಿಸಲಿ? ನನ್ನ ಮನಸ್ಸು ಆಗಲೇ ಚಿಂತಾಮಣಿಯ ನಮ್ಮ ಮನೆಯ ಹಜಾರಕ್ಕೆ, ಅತ್ತೆ ನಮ್ಮಲ್ಲಿಗೆ ಬಂದ ವರ್ಷದ ದಸರೆಗೆ ಹೋಗಿಬಿಟ್ಟಿತ್ತು.

ನಮ್ಮ ಯಜಮಾನರು ನಾಗೇಶ ಅಂತ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಕೆಲವು ಗಂಡಸರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಕ್ರಿಕೆಟ್ಟಿನ ಹುಚ್ಚು, ಇವರಿಗೆ ರೈಲಿನದು. ನಿಜವಾದ ರೈಲಲ್ಲ, ಗೇಣುದ್ದದ ಬೋಗಿಗಳ ರೈಲು. ಆಟದ ಸಾಮಾನು ಅಂದರೆ ಇವರ ಮುಖ ದಪ್ಪಗಾಗುತ್ತದೆ, ಮಾಡೆಲ್ ಅನ್ನಬೇಕು. ಹೊರದೇಶದ ಎಂಜಿನ್ನನ್ನು ಹೇಗೋ ತರಿಸಿ, ಅದರ ಬಣ್ಣ ಕೆರೆದು, ನಮ್ಮ ಕಡೆಯ ಬಣ್ಣ ಬಳಿದು, ಬೆನ್ನು ತಟ್ಟುವವರಿಲ್ಲದೆ ಒಬ್ಬರೇ ಖುಷಿಪಡುವ ಜಾತಿ ಇವರದು. ಮದುವೆಯಾದ ಹೊಸದರಲ್ಲಿ ನಾನೂ ಬೆನ್ನು ತಟ್ಟಿದ್ದೆ. ಆಮೇಲೆ ಬೋಗಿಗಳು ಸಂಸಾರ ಬೆಳೆಸಿಕೊಂಡವು ನೋಡಿ, ತಟ್ಟುವುದನ್ನು ನಿಲ್ಲಿಸಿದೆ.

ಈ ರೈಲುಗಳು ಓಡುವುದಕ್ಕಿಂತ ಮಲಗಿರುವುದೇ ಹೆಚ್ಚು, ಅವು ಮಲಗುವ ಠೀವಿಯೇ ಬೇರೆ. ಒಂದೊಂದು ಬೋಗಿಗೂ ಇವರ ಹಳೆಯ ಕಾಲುಚೀಲವೇ ಹೊದಿಕೆ. ಎಂಜಿನ್ನುಗಳು ನನ್ನ ರೇಷ್ಮೆ ಸೀರೆಯ ರಟ್ಟಿನ ಡಬ್ಬಿಗಳಲ್ಲಿ. ಯಾರ ಮನೆಯಲ್ಲಿ ಹೊಸ ಚಪ್ಪಲಿ ಕೊಂಡರೂ ಅದರ ಡಬ್ಬಿಯಲ್ಲಿ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದನ್ನು ಬೇಡಿ ತಂದು ಎಂಜಿನ್ನಿನ ಪಕ್ಕ ಇಡುತ್ತಿದ್ದರು. ನುಸಿಗುಳಿಗೆಯ ಗಾಳಿಗೆ ಪ್ಲಾಸ್ಟಿಕ್ಕು ಕೆಡುತ್ತದಂತೆ, ಹಾಗಂತ ಬೀರುವಿನಲ್ಲಿದ್ದ ನನ್ನ ನುಸಿಗುಳಿಗೆಗಳನ್ನೆಲ್ಲ ಎತ್ತಿ ಬಿಸಾಕಿದರು. ಆ ಮಳೆಗಾಲದಲ್ಲಿ ನನ್ನ ಧಾರೆ ಸೀರೆಗೆ ತೂತು ಬಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ.

ಅವುಗಳಿಗೆ ಅಂತಲೇ ಮನೆಯಲ್ಲಿ ಒಂದು ಕೋಣೆ ಹೋಗಿತ್ತು. ಬಾಗಿಲ ಪಕ್ಕದ ಕೋಣೆ, ಅದಕ್ಕೆ ಅಂಟಿಕೊಂಡೇ ಬಚ್ಚಲು, ಮನೆಯಲ್ಲೆಲ್ಲ ಗಾಳಿ ಬೆಳಕು ಚೆನ್ನಾಗಿದ್ದ ಕೋಣೆ. ಅಲ್ಲಿ ಗೋಡೆಗೆ ಒರಗಿಸಿದ ಹಲಗೆಗಳು, ಹಲಗೆಗಳ ಮೇಲೆ ಕೂರಿಸಿದ ಹಳಿಗಳು. ಶಾಲೆಗೆ ರಜೆ ಬಂದರೆ ಬೆಂಚುಗಳನ್ನು ಹಜಾರಕ್ಕೆ ತಂದು, ಹಲಗೆಗಳನ್ನು ಅವುಗಳ ಮೇಲಿಟ್ಟು, ಬೋಲ್ಟು ಬಿಗಿದು, ಹಳಿಗೆ ಹಳಿ ಕೂಡಿಸುತ್ತಿದ್ದರು. ಹಳಿಯೊಳಗೇ ಸಣ್ಣಗೆ ಕರೆಂಟು ಹರಿಯಬೇಕು, ಗಾಲಿ ಅದನ್ನು ಹೀರಿಕೊಂಡರೇನೇ ಎಂಜಿನ್ನು ಓಡುವುದು. ಎಲ್ಲೋ ಒಂದು ಕಡೆ ಧೂಳಿದ್ದರೂ ನಿಂತುಬಿಡುತ್ತದೆ. ಹಾಗಾಗಿ ಸ್ಪಿರಿಟ್ಟಿನ ಬಟ್ಟೆ ಹಿಡಿದು ಒರೆಸಿದ್ದೂ ಒರೆಸಿದ್ದೇ. ಇಷ್ಟೆಲ್ಲ ಆಗಿ ರೈಲು ಓಡುವುದು ಒಂದಷ್ಟು ಹೊತ್ತು, ಆಮೇಲೆ ಮತ್ತೆ ಬಿಚ್ಚಿ ಕಾಲುಚೀಲಕ್ಕೆ ತುಂಬುವುದು. ಗುಡ್ಡ ಅಗೆದು ಇಲಿ ಹಿಡಿಯುವುದು ಅಂತಾರಲ್ಲ, ಅದನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಇದನ್ನೆಲ್ಲ ಎಲ್ಲಿಗಾದರೂ ಸಾಗಹಾಕಿ ಅಂತ ನಾನು ಹೇಳದ ಹಬ್ಬವಿಲ್ಲ. ಇವರು ನಕ್ಕು, ಒರೆಸುವ ಬಟ್ಟೆ ಸಿಗುತ್ತಾ ನೋಡು ಅನ್ನುತ್ತಿದ್ದರು.

ಆ ವರ್ಷ ಮಳೆ ಚೆನ್ನಾಗಿ ಹಿಡಿದುಕೊಂಡಿತ್ತು. ಅತ್ತೆ ಶಿಡ್ಲಘಟ್ಟದಲ್ಲಿ ನನ್ನ ಮೈದುನನ ಸಂಸಾರದ ಜೊತೆಗಿದ್ದವರು. ಮೈದುನನಿಗೆ ಗೌರಿಬಿದನೂರಿಗೆ ವರ್ಗವಾಯಿತು, ಅಲ್ಲಿ ಸಿಕ್ಕಿದ್ದು ಮಹಡಿ ಮನೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ಮೆಟ್ಟಿಲು ಹತ್ತಕೂಡದು, ನೆಲದ ಮೇಲೆ ಕೂರಕೂಡದು, ಬಚ್ಚಲು ಹತ್ತಿರ ಇರಬೇಕು. ಅಂಥ ಕೋಣೆ ಇದ್ದದ್ದು ನಮ್ಮ ಮನೆಯಲ್ಲಿ, ಮತ್ತು ಅದರಲ್ಲಿ ಇದ್ದದ್ದು ರೈಲು.

ನಾನು ಬಾಯಿ ಬಿಡುವ ಮೊದಲೇ ಇವರು ತೀರ್ಮಾನ ಮಾಡಿಬಿಟ್ಟಿದ್ದರು. ಬೆಂಗಳೂರಿನಲ್ಲಿ ಇಂಥದೇ ಹುಚ್ಚಿನವರು ಕೆಲವರು ಸೇರಿ ಒಂದು ದೊಡ್ಡ ಜಾಗ ಮಾಡಿಕೊಂಡಿದ್ದರು. ಅಲ್ಲಿ ರೈಲನ್ನು ಬಿಚ್ಚುವ ಗೋಜೇ ಇಲ್ಲ, ವರ್ಷವಿಡೀ ಹಾಕಿದ್ದು ಹಾಕಿದಂತೆಯೇ ಇರುತ್ತದೆ. ಎಲ್ಲವನ್ನೂ ಅವರಿಗೆ ಕೊಟ್ಟುಬಿಡುವುದು, ವಿಜಯದಶಮಿಯ ಮಾರನೆಯ ದಿನ ವ್ಯಾನು ತರುತ್ತಾರೆ ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇಳೆ ಮುಗಿದಿದೆ ಅನ್ನುವ ಹಾಗೆ ಹೇಳಿದರು. ಅಮ್ಮನಿಗೆ ಮಾತ್ರ ಹೇಳಬೇಡ, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಅಂದರು. ಇಷ್ಟು ವರ್ಷ ಕೇಳಿದ್ದು ಕೈಗೆ ಬಂದಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂದು, ಅವತ್ತು ಸಾರಿಗೆ ಉಪ್ಪು ಜಾಸ್ತಿ ಬಿತ್ತು.

ಒಂದೇ ಒಂದು ಸಲ, ದಸರೆಗೆ, ಪೂರ್ತಿ ಲೈನು ಹಾಕುತ್ತೇನೆ ಎಂದರು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಮೇಲೆ ಚಿಂತಾಮಣಿಗೆ, ಹಿಂದೆ ಪುಟ್ಟ ಹಳಿಯ ಗಾಡಿ ಓಡುತ್ತಿದ್ದ ಹಾಗೆ. ಹಾಕಿ ಎಂದೆ. ಆದರೆ ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಅತ್ತೆಯ ಜೊತೆ ಅವರ ದಸರಾ ಗೊಂಬೆಗಳೂ ಟ್ರಂಕುಗಟ್ಟಲೆ ಬಂದಿದ್ದವು. ಇರುವುದು ಒಂದು ಹಜಾರ, ಅದರಲ್ಲಿ ಗೊಂಬೆಯ ಮೆಟ್ಟಿಲೂ ಆಗಬೇಕು, ರೈಲೂ ಆಗಬೇಕು. ಐವತ್ತು ದಾಟಿದ ಗಂಡಸಿಗೆ ಹಬ್ಬದಲ್ಲಿ ಈ ಆಟ ಯಾಕೆ ಅಂತ ಅತ್ತೆ, ಇದು ಆಟ ಅಲ್ಲ ಅಂತ ಇವರು. ಕೊನೆಗೆ ಗೋಡೆಗೆ ಮೆಟ್ಟಿಲು, ಮೆಟ್ಟಿಲ ಮುಂದೆ ಬೆಂಚುಗಳ ಮೇಲೆ ರೈಲು ಎಂದು ನಾನೇ ಪಂಚಾಯಿತಿ ಮಾಡಿದೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ, ಕೂತು ಕೆಳಗೆ ಹೋಗುವ ರೈಲನ್ನು ನೋಡುವ ಹಾಗಾಯಿತು.

ಇವರು ಜೋಡಿಸುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು, ಬೇರೆ ಕೆಲಸ ಏನಿತ್ತು ಪಾಪ. ಮೊದಲ ದಿನ ಬರೀ ಮೂಗು ಮುರಿದರು. ಚಹಾದ ಚರಟ ಒಣಗಿಸಿ ಮಣ್ಣಿನ ಹಾಗೆ ಉದುರಿಸಿದ್ದನ್ನು ನೋಡಿ ಕಸ ಅಂದರು. ಕಾಗದ ನೆನೆಸಿ ಮಾಡಿದ ನಮ್ಮೂರ ಬೆಟ್ಟ ನೋಡಿ, "ಅಂಬಾಜಿದುರ್ಗ ಮಾಡಿದ್ದೀಯೋ, ಮುದ್ದೆ ಕಟ್ಟಿದ್ದೀಯೋ?" ಎಂದು ಕೇಳಿದರು. ಇವರು ಮುದ್ದೆಗೆ ಮೂಲೆಗಳನ್ನು ಕೆತ್ತಿದರು. ಮರುದಿನ ಶಿಡ್ಲಘಟ್ಟದ ಸ್ಟೇಷನ್ನು ಕೂರಿಸುವಾಗ ಅತ್ತೆ ವಾಕರ್ ಹಿಡಿದು ಎದ್ದೇ ನಿಂತರು. ಅಲ್ಲಿ ಹುಣಸೆಮರ ಆ ಕಡೆ ಅಲ್ಲ, ಈ ಕಡೆ. ನೀರಿನ ಟ್ಯಾಂಕು ಎಲ್ಲಿ? ಗಾಡಿಯಲ್ಲಿ ರೇಷ್ಮೆಗೂಡಿನ ಮೂಟೆ ಯಾಕಿಲ್ಲ? ಗೂಡಿನ ವಾಸನೆ ಇಲ್ಲದ ಗಾಡಿಯಲ್ಲಿ ತಾನು ಯಾವತ್ತೂ ಶಿಡ್ಲಘಟ್ಟಕ್ಕೆ ಬಂದದ್ದಿಲ್ಲ, ಪಕ್ಕದ ಸೀಟಿನಲ್ಲಿ ಮನುಷ್ಯರಿಗಿಂತ ಮೂಟೆಗಳೇ ಹೆಚ್ಚಾಗಿ ಕೂತಿರುತ್ತಿದ್ದವು ಎಂದರು. ಇವರು ಕತ್ತರಿ ಕೊಟ್ಟರು. ಅತ್ತೆ ಹಳೆಯ ಪಂಚೆ ಕತ್ತರಿಸಿ, ಹೆಬ್ಬೆರಳಿನ ಗಾತ್ರದ ಮೂಟೆಗಳನ್ನು ಹೊಲಿಯುತ್ತಾ ಕೂತರು. ಸೊಂಟ ಮುರಿದ ಮೇಲೆ ಅವರು ನೋವಿನ ಮಾತು ಬಿಟ್ಟು ಬೇರೆ ಮಾತಾಡಿದ್ದು ಅವತ್ತೇ ಮೊದಲು.

ಪಕ್ಕದ ಮನೆಯ ಮುಬೀನಾ, ಅವಳ ಗಂಡನಿಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕೆಲಸ, ಬೇಡದ ರೇಷ್ಮೆ ಎಳೆಯ ಒಂದು ಹಿಡಿ ಜೂಟು ತಂದುಕೊಟ್ಟಳು. ಅತ್ತೆ ಅದನ್ನು ಹಿಂಜಿ ಎಂಜಿನ್ನಿನ ನೆತ್ತಿಗೆ ಸಿಕ್ಕಿಸಿದರು, ಹೊಗೆ ಅಂತ. ಅದು ಡೀಸಲ್ ಎಂಜಿನ್ನು, ಅಷ್ಟು ಹೊಗೆ ಬರೋದಿಲ್ಲ ಎಂದು ಇವರು ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ, ಮುಚ್ಚಿಕೊಂಡರು.

ಆ ನವರಾತ್ರಿಯ ಸಂಜೆಗಳು ನನ್ನ ಜೀವನದ ಒಳ್ಳೆಯ ಸಂಜೆಗಳು. ಹೊರಗೆ ಸಣ್ಣ ಜಡಿ ಹಿಡಿದಿರುತ್ತಿತ್ತು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕುಂಕುಮಕ್ಕೆ ಬಂದ ಹೆಂಗಸರು ಗೊಂಬೆಗೆ ಆರತಿ ಎತ್ತುವಾಗ ರೈಲು ಅಡ್ಡ ಬಂದರೆ ಅದಕ್ಕೂ ಒಂದು ಸುತ್ತು ಎತ್ತಿಬಿಡುತ್ತಿದ್ದರು. ತೆಲುಗು ಮಾತಾಡುವ ಕೆಳಗಿನ ಬೀದಿಯವರು ರೈಲು ಬೊಮ್ಮಲ ಕೊಲುವು, ಅಂದರೆ ರೈಲುಗೊಂಬೆಗಳ ದರ್ಬಾರು ಅಂತ ಹೆಸರಿಟ್ಟು ನೆಂಟರನ್ನೆಲ್ಲ ಕರೆತಂದರು. ಇವರು ತೆರೆದ ಬೋಗಿಯಲ್ಲಿ ಕಡಲೆ ಉಸಲಿ ತುಂಬಿ ಕಳಿಸುತ್ತಿದ್ದರು, ಶಿಡ್ಲಘಟ್ಟದಲ್ಲಿ ಗಾಡಿ ನಿಂತಾಗ ಮಕ್ಕಳು ಎತ್ತಿಕೊಳ್ಳಬೇಕು. ಸ್ಟೇಷನ್ನುಗಳ ಹೆಸರು ಕೂಗುವ ಕೆಲಸ ಅತ್ತೆಯದು. ಚಿಂತಾಮಣಿ ಬಂತು, ಇಳ್ಕೊಳಿ, ಮಕ್ಕಳು ಹುಷಾರು ಅಂತ ಕುರ್ಚಿಯಿಂದ ಕೂಗುವಾಗ ಅವರ ಮುಖ ನೋಡಬೇಕಿತ್ತು. ಇವರ ಮುಖವನ್ನೂ ನೋಡಬೇಕಿತ್ತು, ಆದರೆ ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಹಬ್ಬ ಮುಗಿದರೆ ಇದೆಲ್ಲ ಹೋಗುತ್ತದೆ ಅನ್ನುವುದು ನಮ್ಮಿಬ್ಬರಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಇವರು ಬೂದುಗುಂಬಳ, ಬಾಳೆಕಂದು ತರಲು ಮಾರ್ಕೆಟ್ಟಿಗೆ ಹೋದರು. ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಸಾಣೆಕಲ್ಲಿನ ಸದ್ದು ಕೇಳಿಸುತ್ತಿತ್ತು, ಅತ್ತೆ ದೇವರಿಗೆ ಗಂಧ ತೇಯುತ್ತಿದ್ದಾರೆ ಎಂದುಕೊಂಡೆ. ಹೊರಗೆ ಬಂದು ನೋಡುತ್ತೇನೆ, ಎಂಜಿನ್ನಿನ ಹಣೆಗೆ ಗಂಧ, ಕುಂಕುಮ. ಅಷ್ಟೇ ಆಗಿದ್ದರೆ ಸರಿ. ವಾಕರ್ ಹಿಡಿದು ಬೆಂಚಿನ ಸುತ್ತಲೂ ನಿಧಾನವಾಗಿ ಹೋಗಿ, ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೂ, ಎರಡೂ ಹಳಿಗೆ, ಒಂದು ಬೆರಳಗಲವೂ ಬಿಡದೆ ಗಂಧ ಸವರಿದ್ದರು. ನಡುನಡುವೆ ಅರಿಶಿನ. ಗಾಲಿಗಳಿಗೆ ಹರಳೆಣ್ಣೆ ಬಿಟ್ಟು, ಎಂಜಿನ್ನಿನ ಮುಂದೆ ಒಂದು ನಿಂಬೆಹಣ್ಣು ಕತ್ತರಿಸಿ ಹಳಿಯ ಮೇಲೆ ಹಿಂಡಿಯೂ ಇದ್ದರು. ಹೂವಿನ ಎಸಳು ಸ್ಟೇಷನ್ನಿನ ತುಂಬ. ಬೆವರು ಒರೆಸಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತು, ಮಗ ಬರಲಿ ಎಂದು ಕಾಯುತ್ತಿದ್ದರು, ಅವನಿಗೆ ಖುಷಿಯಾಗುತ್ತದೆ ಅಂತ.

ಇವರು ಬಂದರು. ಕುಂಬಳಕಾಯಿ ಕೈಯಲ್ಲೇ ಇತ್ತು. ನೋಡಿದರು, ಕುಂಬಳಕಾಯಿ ಕೆಳಗಿಟ್ಟರು, ಸ್ವಿಚ್ಚು ಹಾಕಿದರು. ಎಂಜಿನ್ನು ಮಿಸುಕಲಿಲ್ಲ.

"ಮನೇಲಿ ಓಡೋ ಚಕ್ರಕ್ಕೆಲ್ಲ ಪೂಜೆ ಆಗ್ಬೇಕಲ್ಲಪ್ಪ. ನಿನ್ ಸ್ಕೂಟರ್‌ಗೆ ಮಾಡಲ್ವಾ?" ಎಂದರು ಅತ್ತೆ. ಆಗಲೇ ಅವರ ದನಿ ಸ್ವಲ್ಪ ಕುಗ್ಗಿತ್ತು.

ಇವರು ಸಿಟ್ಟಾಗುತ್ತಾರೆ ಎಂದು ನಾನು ಸೆರಗು ಬಿಗಿದು ನಿಂತಿದ್ದೆ. ಇವರು ಅಮ್ಮನ ಪಕ್ಕದ ಬೆಂಚಿನ ಮೇಲೆ ಕೂತು, ಕರೆಂಟು ಹಳಿಯಲ್ಲಿ ಹೇಗೆ ಹರಿಯುತ್ತದೆ, ಗಾಲಿ ಹೇಗೆ ಅದನ್ನು ಹೀರುತ್ತದೆ ಎಂದು ಸಣ್ಣ ದನಿಯಲ್ಲಿ ಬಿಡಿಸಿ ಹೇಳಿದರು. ಅತ್ತೆ ಒಳಗೆ ಬ್ಯಾಟರಿ ಇದೆ ಎಂದುಕೊಂಡಿದ್ದರಂತೆ. ಹಾಳಾಯ್ತೇನೋ ಅಂತ ಕೇಳಿದರು. ನೋಡೋಣಮ್ಮ, ಒರೆಸಿದರೆ ಹೋಗುತ್ತೆ ಅಂತ ಇವರು ಹೇಳಿದರೇ ಹೊರತು ಆ ಮಾತಿನಲ್ಲಿ ಜೀವ ಇರಲಿಲ್ಲ. ಅತ್ತೆ ಅವತ್ತು ಒಬ್ಬಟ್ಟು ಮುಟ್ಟಲಿಲ್ಲ. ಸಂಜೆ ಬಂದ ಮಕ್ಕಳಿಗೆ ಗಾಡಿಗೆ ಇವತ್ತು ರಜೆ ಅಂತ ನಾನೇ ಸಮಾಧಾನ ಹೇಳಿ ಕಳಿಸಿದೆ.

ಮಾರನೆಯ ದಿನ ವಿಜಯದಶಮಿ. ಬೆಳಗ್ಗೆ ತಿಂಡಿಯಾದ ಮೇಲೆ ಇವರು ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಗಳನ್ನು ತಂದರು. ಹಳಿಗಳನ್ನು ತುಂಡು ತುಂಡಾಗಿ ಬಿಚ್ಚಿ ಮಧ್ಯಕ್ಕೆ ಹಾಕಿದರು. ಅತ್ತೆ ಯಾರ ಮಾತೂ ಕೇಳದೆ, ಒಂದು ಟವಲನ್ನು ತೊಡೆಯ ಮೇಲೆ ಹಾಸಿಕೊಂಡು, ಹಳಿ ಕೊಡು ಅಂತ ಕೈ ಚಾಚಿದರು. ಮೂವರೂ ಕೂತು ಒರೆಸಿದೆವು. ಗಂಧ ಒಣಗಿ ಸಂದಿಗಳಲ್ಲಿ ಗಟ್ಟಿಯಾಗಿತ್ತು. ಮನೆಯೆಲ್ಲ ಸ್ಪಿರಿಟ್ಟು ಮತ್ತು ಗಂಧದ ವಾಸನೆ, ಆಸ್ಪತ್ರೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದ ಹಾಗೆ. ಮುಬೀನಾ ಬನ್ನಿ ಸೊಪ್ಪು ತೆಗೆದುಕೊಂಡು ಹೋಗಲು ಬಂದವಳು ಮೂಗು ಮುಚ್ಚಿಕೊಂಡು, ಯಾರಿಗಾದರೂ ಹುಷಾರಿಲ್ವಾ ಮಿಸ್ ಅಂತ ಗಾಬರಿಯಾದಳು. ಹಿಂದಿನ ದಿನದಿಂದ ಅತ್ತೆ ನಕ್ಕಿದ್ದು ಆಗಲೇ ಮೊದಲು.

ಅಷ್ಟರಲ್ಲಿ ಇವರ ಫೋನು ಬಡಿದುಕೊಂಡಿತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದರು. ಬೆಂಗಳೂರಿನವರು. ನಾಳೆ ಬೆಳಗ್ಗೆ ವ್ಯಾನು ತರುತ್ತೇವೆ, ಹಲಗೆಗಳನ್ನೂ ಒಯ್ಯುತ್ತೇವೆ, ಎಲ್ಲ ಕಟ್ಟಿಟ್ಟಿರಿ ಸಾರ್ ಎಂದರು. ಪಾಪ, ಬಹಳ ಮರ್ಯಾದೆಯ ಮನುಷ್ಯ. ಸಂಜೆ ಫೋನ್ ಮಾಡ್ತೀನಿ ಅಂತ ಇವರು ಬೇಗ ಇಟ್ಟುಬಿಟ್ಟರು. ಆದರೆ ಅತ್ತೆ ಕೇಳಿಸಿಕೊಂಡಾಗಿತ್ತು.

"ಏನೋ ತಗೊಂಡು ಹೋಗ್ತಾರೆ ಅವ್ರು?"

"ರೈಲಮ್ಮ. ಅವರ ಹತ್ರ ದೊಡ್ಡ ಜಾಗ ಇದೆ. ಕೊಟ್ಬಿಡ್ತಿದ್ದೀನಿ."

"ಇಲ್ಲೇನಾಗಿತ್ತು ಅದಕ್ಕೆ?"

ಇವರು ಹಳಿ ಒರೆಸುತ್ತಲೇ ಇದ್ದರು. "ಜಾಗ ಇಲ್ವಲ್ಲಮ್ಮ" ಅಂದರು ಕೊನೆಗೆ.

ಅತ್ತೆ ಕತ್ತು ತಿರುಗಿಸಿ ತಮ್ಮ ಕೋಣೆಯ ಕಡೆ ನೋಡಿದರು. ಅಲ್ಲಿ ಅವರ ಮಂಚ, ಔಷಧಿಯ ಸ್ಟೂಲು, ಗೋಡೆಯ ಮೇಲೆ ಹಲಗೆಗಳು ಒರಗಿದ್ದ ಗುರುತು. ಅವರಿಗೆ ಎಲ್ಲ ತಿಳಿದುಹೋಯಿತು. ನನಗೆ ಎದ್ದು ಅಡುಗೆಮನೆಗೆ ಹೋಗಿಬಿಡೋಣ ಅನ್ನಿಸಿತು. ಮಗ ತಾಯಿಗೆ ಜಾಗ ಬಿಟ್ಟುಕೊಟ್ಟ, ತಾಯಿಗೆ ಅದು ಮುಳ್ಳಾಯಿತು. ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ಹಾಗಾಗಿಯೇ ನೋಡಲು ಕಷ್ಟವಾಗುತ್ತಿತ್ತು.

ಅತ್ತೆ ಒಂದಿಡೀ ತುಂಡು ಹಳಿಯನ್ನು ಒರೆಸಿ ಮುಗಿಸಿದರು. ಆಮೇಲೆ ತೀರ ಗಟ್ಟಿಯಾದ ದನಿಯಲ್ಲಿ, "ಕೊಡಂಗಿಲ್ಲ" ಅಂದರು.

ಇವರು ತಲೆಯೆತ್ತಿದರು.

"ಗೊಂಬೆ ಜೊತೆ ಕೂತು ಆರತಿ ಮಾಡಿಸ್ಕೊಂಡಿದೆ. ಆಯುಧಪೂಜೆ ಆಗಿದೆ. ಪಟ್ಟದ ಗೊಂಬೆ ಮುಂದೆ ಪೂಜೆ ಆದ ಸಾಮಾನು ಮನೆ ಹೊಸ್ಲು ದಾಟಬಾರ್ದು. ವರ್ಷವರ್ಷ ಕೂರಿಸ್ಲೇಬೇಕು. ಬಿಟ್ರೆ ಮನೇಗೆ ಒಳ್ಳೇದಲ್ಲ."

ಹಾಗೆಲ್ಲ ಇದೆಯೇನಮ್ಮ, ನಾನು ಮಾತು ಕೊಟ್ಟಿದ್ದೇನಲ್ಲ ಎಂದು ಇವರು ತೊದಲಿದರು.

"ಮಾತು ನೀನು ಕೊಟ್ಟಿದ್ದು, ಪೂಜೆ ನಾನು ಮಾಡಿದ್ದು ಕಣೋ. ಯಾವ್ದು ದೊಡ್ಡದು?"

ಇವರು ನನ್ನ ಕಡೆ ನೋಡಿದರು. ನನ್ನ ತವರಿನಲ್ಲೂ ಗೊಂಬೆ ಕೂರಿಸುತ್ತಿದ್ದರು, ನಾನು ಇಂಥದೊಂದು ಶಾಸ್ತ್ರ ಕೇಳಿರಲಿಲ್ಲ. ಇದ್ದಿದ್ದರೆ ನಮ್ಮಮ್ಮ ಮದುವೆಯಲ್ಲಿ ನನಗೆ ಅಷ್ಟೊಂದು ಗೊಂಬೆ ಕೊಟ್ಟು ಕಳಿಸುತ್ತಲೇ ಇರಲಿಲ್ಲ. ಇವರ ಕಣ್ಣಿನಲ್ಲಿ ಏನಿತ್ತು ಅಂದರೆ, ಬೇಡ ಅನ್ನು, ನನಗೆ ದಾರಿ ಸುಲಭವಾಗಲಿ ಅನ್ನುವುದೂ ಇತ್ತು, ಬೇಡ ಅನ್ನಬೇಡ ಅನ್ನುವುದೂ ಇತ್ತು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಎತ್ತಿಕೊಂಡೆ. ಬೆಂಗಳೂರಿನವರಿಗೆ ನಾನೇ ಹೇಳಿದೆ, "ಏನೂ ತಿಳ್ಕೋಬೇಡಿ ಸಾರ್. ಪೂಜೆ ಆಗೋಗಿದೆ. ನಮ್ಮತ್ತೆ ಒಪ್ಪಲ್ಲ, ನಾನೂ ಒಪ್ಪಲ್ಲ." ಆ ಕಡೆಯವರು ನಗುತ್ತಾ, ನಮ್ಮನೇಲೂ ಯಾರಾದ್ರೂ ಹೀಗೆ ಹೇಳೋರು ಇದ್ದಿದ್ರೆ ಚೆನ್ನಾಗಿತ್ತು ಮೇಡಂ ಅಂದರು. ಮುಂದಿನ ವರ್ಷ ಹಾಕಿದಾಗ ನೋಡಲು ಬನ್ನಿ ಎಂದು ಕರೆದು ಫೋನಿಟ್ಟೆ. ಇವರು ಎದ್ದು ಹಿತ್ತಲಿಗೆ ಹೋದರು. ಮುಖ ತೊಳೆದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಸಂಜೆ ಹಳಿಗಳನ್ನು ಮತ್ತೆ ಕೂಡಿಸಿದೆವು. ಎಂಜಿನ್ನು ಎರಡು ಸಲ ಮುಗ್ಗರಿಸಿತು, ಶಿಡ್ಲಘಟ್ಟದ ತಿರುವಿನಲ್ಲಿ ನಿಂತೇ ಹೋಯಿತು. ಇವರು ಅಲ್ಲಿ ಇನ್ನೊಮ್ಮೆ ಒರೆಸಿದರು. ಆಮೇಲೆ ಹೊರಟದ್ದು, ಮೊದಲಿಗಿಂತ ನಿಧಾನವಾಗಿ, ಚಿಂತಾಮಣಿವರೆಗೂ ಹೋಯಿತು. ಅತ್ತೆ ಸ್ಟೇಷನ್ನಿನ ಹೆಸರು ಕೂಗುವುದನ್ನು ಮರೆತು ಸುಮ್ಮನೆ ನೋಡುತ್ತಿದ್ದರು, ಮಕ್ಕಳೇ ಕೂಗಿಕೊಂಡರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇದನ್ನು ಇವರ ಮುಂದೆ ತೋರಿಸಿಕೊಂಡರೆ ಇನ್ನೊಂದು ಎಂಜಿನ್ನು ತರಿಸುತ್ತಾರೆ ಎಂದು ಬಾಯಿ ಬಿಗಿಹಿಡಿದೆ.

ಮಾರನೆಯ ದಿನ ಗೊಂಬೆಗಳನ್ನೂ ರೈಲನ್ನೂ ಒಟ್ಟಿಗೇ ಕಟ್ಟಿದೆವು. ಹಲಗೆಗಳಿಗೆ ಮುಬೀನಾಳ ಮನೆಯ ಜಗಲಿಯ ಮೇಲಿನ ಅಟ್ಟದಲ್ಲಿ ಜಾಗ ಸಿಕ್ಕಿತು. ಹಳಿ, ಎಂಜಿನ್ನು, ಬೋಗಿಗಳನ್ನೆಲ್ಲ ಗೊಂಬೆಯ ಟ್ರಂಕುಗಳಲ್ಲೇ ಗೊಂಬೆಗಳ ಜೊತೆ ಹೊಂದಿಸಿ, ತಮ್ಮ ಮಂಚದ ಕೆಳಗೇ ಇಡಬೇಕು ಎಂದು ಅತ್ತೆ ಅಪ್ಪಣೆ ಕೊಟ್ಟರು. ಇವರು ಆಫೀಸಿಗೆ ಹೋದ ಮೇಲೆ ಕೊನೆಯ ಟ್ರಂಕನ್ನು ನಾನು ನೂಕುತ್ತಿದ್ದೆ. ಅತ್ತೆ ಮಂಚದ ಅಂಚಿನಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಅತ್ತೆ, ಪೂಜೆ ಆದ ಸಾಮಾನು ಹೊಸ್ಲು ದಾಟಬಾರ್ದು ಅಂತ ನಿಜವಾಗ್ಲೂ ಇದ್ಯಾ?"

ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಅಗಿದರು.

"ಮೊನ್ನೆವರೆಗೂ ಇರ್ಲಿಲ್ಲ ಕಣಮ್ಮ," ಅಂದರು. "ಅವನಿಗೇನೂ ಹೇಳೋಕ್ ಹೋಗ್ಬೇಡ. ಆ ಟ್ರಂಕನ್ನ ಇನ್ನೊಂಚೂರು ಒಳಕ್ಕೆ ತಳ್ಳು, ಕಾಲಿಗೆ ಸಿಗುತ್ತೆ."